ಪಿಲ್ಲರ್‌ಗೆ ಬಟ್ಟೆ ಸುತ್ತುವ ಮುಂಚೆ

2018ರ ಆಗಸ್ಟ್ ಆದಮೇಲೆ ಕೊಡಗಿನಲ್ಲಿ ಬಿರುಕು ಅನ್ನುವ ಪದಕ್ಕೇ ಭಾರ ಹೆಚ್ಚಿದೆ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಇಳಿದು ಬಂದದ್ದನ್ನು ಕಂಡವರಿಗೆ ಗೋಡೆಯ ಮೇಲಿನ ಕೂದಲೆಳೆಯಷ್ಟು ಗೀಟು ಕೂಡ ರಾತ್ರಿ ನಿದ್ದೆ ಕೆಡಿಸುತ್ತದೆ. ಕೈಲ್‌ಪೊಳ್ದು ಹಬ್ಬ ಮುಗಿದು ಮಳೆ ಒಂದಿಷ್ಟು ಬಿಡುವು ಕೊಟ್ಟಿತು ಅಂದರೆ ಕಟ್ಟಡ ರಿಪೇರಿಯ ಇಂಜಿನಿಯರ್ ಆದ ನನಗೆ ಫೋನ್ ಬರಲು ಶುರು. "ಪಿಲ್ಲರ್ ಬಿರಿದಿದೆ, ಗುಡ್ಡ ಜಾರ್ತಾ ಇದೆಯಾ, ಒಂದ್ಸಲ ಬಂದು ನೋಡಿ."

2024ರ ಸೆಪ್ಟೆಂಬರ್‌ನಲ್ಲಿ ಹೀಗೇ ಕರೆ ಮಾಡಿದವರು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ಕಾಫಿ ತೋಟ ಇರುವ ಹಿರಿಯ ಹೆಂಗಸು. ತೋಟದವರೆಲ್ಲ ಅವರನ್ನು ಅಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮನೆ ಪಕ್ಕದ ಕಾಫಿ ಗೋಡೌನಿನ ಕಂಬಗಳು ಉದ್ದಕ್ಕೆ ಸೀಳಿವೆ, ಒಂದು ಮೂಲೆಯಿಂದ ಕಾಂಕ್ರೀಟು ಚಕ್ಕೆಯಾಗಿ ಕಳಚಿ ತೋಟದ ಲೆಕ್ಕ ಬರೆಯುವ ರೈಟರ್ ಕಾಲಿನ ಪಕ್ಕ ಬಿದ್ದಿದೆ, ಕಟ್ಟಡ ಕೆಡವಬೇಕೋ ಏನೋ ಅಂದರು. ಕೆಡವಿದರೆ ಮತ್ತೆ ಕಟ್ಟುವ ಶಕ್ತಿ ತಮಗಿಲ್ಲ ಅನ್ನುವುದನ್ನು ಬಾಯಿಬಿಟ್ಟು ಹೇಳಲಿಲ್ಲ, ಧ್ವನಿಯಲ್ಲೇ ಗೊತ್ತಾಯಿತು.

ಹೋಗಿ ನೋಡಿದರೆ ಗುಡ್ಡದ ತಪ್ಪು ಏನೂ ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ನೆಲ ಕುಸಿದರೆ ಅಥವಾ ಜಾರಿದರೆ ಬಿರುಕು ಸಾಮಾನ್ಯವಾಗಿ ಓರೆಯಾಗಿ ಹೋಗುತ್ತದೆ. ಕಿಟಕಿ ಮೂಲೆಯಿಂದ ಹೊರಟು ಗೋಡೆ ದಾಟುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಅಂಗಳದ ಮಣ್ಣಿನಲ್ಲೂ ಅದರ ಗುರುತು ಕಾಣುತ್ತದೆ. ತುಕ್ಕಿನ ಬಿರುಕು ಹಾಗಲ್ಲ. ಕಂಬದ ಮೂಲೆಯಿಂದ ಒಂದೆರಡು ಇಂಚು ಒಳಗೆ, ದಾರ ಹಿಡಿದು ಗೆರೆ ಎಳೆದ ಹಾಗೆ, ನೆಟ್ಟಗೆ ಮೇಲಿಂದ ಕೆಳಕ್ಕೆ ಬರುತ್ತದೆ. ಒಳಗೆ ಕಂಬಿ ಎಲ್ಲಿದೆಯೋ ಅಲ್ಲೇ ಹೊರಗೆ ಬಿರುಕು. ಗೆರೆಯ ಅಂಚಿನಲ್ಲಿ ಕಂದು ಕಲೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಟಣ್ ಅನ್ನುವ ಬದಲು ಒಣಗಿದ ಸೋರೆಬುರುಡೆ ತಟ್ಟಿದ ಸದ್ದು. ಕಬ್ಬಿಣ ತುಕ್ಕಾದಾಗ ಮೊದಲಿನ ಗಾತ್ರಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಸುತ್ತ ಬಿಗಿಯಾಗಿ ಕೂತ ಕಾಂಕ್ರೀಟು ಅಷ್ಟು ಜಾಗ ಎಲ್ಲಿಂದ ಕೊಡಬೇಕು? ಒಡೆದುಕೊಳ್ಳುತ್ತದೆ.

ಗೋಡೌನು 1986ರದ್ದು. ಕೆಳಗೆ ಒಂದು ಬದಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಇನ್ನೊಂದು ಬದಿ ಗೊಬ್ಬರದ ಕೋಣೆ, ಮೇಲಿನ ಸ್ಲ್ಯಾಬಿನ ಮೇಲೆ ಪಾರ್ಚ್‌ಮೆಂಟ್, ಅಂದರೆ ಹಣ್ಣು ಸುಲಿದು ತೊಳೆದು ಒಣಗಿಸಿದ ಕಾಫಿ ಕಾಳಿನ, ಚೀಲಗಳ ಅಟ್ಟಿ. ಒಟ್ಟು ಎಂಟು ಪಿಲ್ಲರ್, ಒಂಬತ್ತು ಇಂಚಿಗೆ ಹನ್ನೆರಡು ಇಂಚು. ಅಂದಿನ ವಾಡಿಕೆಯಂತೆ ಮೂಲೆಗೊಂದು 16 ಎಂಎಂ ಕಂಬಿ, ಅವನ್ನು ಸುತ್ತಿ ಕಟ್ಟಲು ಒಂಬತ್ತು ಇಂಚಿಗೊಂದು 6 ಎಂಎಂ ರಿಂಗು. ಕಾಂಕ್ರೀಟ್ ಕೆಲಸದ ಇವತ್ತಿನ ಭಾರತೀಯ ಮಾನಕ ಐಎಸ್ 456 ಇಂಥ ಪಿಲ್ಲರ್‌ಗೆ 40 ಎಂಎಂ ಕವರ್, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪದ ಕಾಂಕ್ರೀಟು, ಕೇಳುತ್ತದೆ. ಕವರ್ ಮೀಟರ್ ಹಿಡಿದಾಗ ಇಲ್ಲಿ ಸಿಕ್ಕಿದ್ದು 20, ಒಂದೆರಡು ಕಡೆ 12. ಕವರ್ ಬ್ಲಾಕ್ ಬದಲು ಜಲ್ಲಿಕಲ್ಲು ಸಿಕ್ಕಿಸಿ ಕಾಂಕ್ರೀಟ್ ಸುರಿದ ಕಾಲ ಅದು. ಕಟ್ಟಿದವರನ್ನು ನಾನು ಬೈಯುವುದಿಲ್ಲ. ಅವರಿಗೆ ಗೊತ್ತಿದ್ದಷ್ಟನ್ನು ನಿಯತ್ತಾಗಿ ಮಾಡಿದ್ದರು. ಕಂಬಗಳೆಲ್ಲ ಈಗಲೂ ತೂಗುಗುಂಡಿಗೆ ಸರಿಯಾಗಿ ನಿಂತಿದ್ದವು.

ಮೊದಲ ದಿನ ಮಾಡಿದ ಕೆಲಸ ಫೀನಾಲ್ಫ್ಥಲೀನ್ ಪರೀಕ್ಷೆ. ಪ್ಲಾಸ್ಟರ್ ಕಿತ್ತು, ಕಾಂಕ್ರೀಟನ್ನು ಹೊಸದಾಗಿ ಒಡೆದು, ಆ ದ್ರಾವಣ ಸಿಂಪಡಿಸಿದರೆ ಆರೋಗ್ಯವಾಗಿರುವ ಕಾಂಕ್ರೀಟು ಗಾಢ ಗುಲಾಬಿಯಾಗುತ್ತದೆ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರಂದು ಮಾಡುವ ಮದ್ದುಸೊಪ್ಪಿನ ಪಾಯಸಕ್ಕೆ ಹಾಲು ಬೆರೆಸಿದರೆ ಬರುವ ಬಣ್ಣದ ಹತ್ತಿರ ಅಂತ ಅಮ್ಮನಿಗೆ ಹೇಳಿದೆ. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಪಿಎಚ್ ಲೆಕ್ಕದಲ್ಲಿ 12.5ರ ಮೇಲೆ ಇರುತ್ತದೆ. ಆ ಕ್ಷಾರದೊಳಗೆ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಬೆಳೆಯುತ್ತದೆ, ಆ ಪೊರೆ ಇರುವತನಕ ತುಕ್ಕಿಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಕಾಂಕ್ರೀಟಿನ ಸುಣ್ಣವನ್ನು ಸುಣ್ಣದಕಲ್ಲಾಗಿ ಬದಲಿಸುತ್ತದೆ, ಪಿಎಚ್ 9ಕ್ಕಿಂತ ಕೆಳಗೆ ಬೀಳುತ್ತದೆ, ಪೊರೆ ಹೋಗುತ್ತದೆ. ಈ ಇಳಿತಕ್ಕೆ ಒಂದು ಲೆಕ್ಕ ಇದೆ: ಎರಡರಷ್ಟು ಆಳಕ್ಕೆ ನಾಲ್ಕರಷ್ಟು ಕಾಲ. ಮೊದಲ ಹತ್ತು ವರ್ಷದಲ್ಲಿ 15 ಎಂಎಂ ಹೋದರೆ ಇನ್ನೊಂದು 15 ಎಂಎಂಗೆ ಮೂವತ್ತು ವರ್ಷ ಬೇಕು. ಅಂದರೆ ಕಟ್ಟುವಾಗ ಹೆಚ್ಚಿಗೆ ಕೊಟ್ಟ ಒಂದು ಸೆಂಟಿಮೀಟರ್ ಕವರ್ ಕಟ್ಟಡದ ಆಯುಸ್ಸಿಗೆ ಹತ್ತಾರು ವರ್ಷ ಸೇರಿಸುತ್ತದೆ. ನಮ್ಮ ಪಿಲ್ಲರ್‌ಗಳಲ್ಲಿ ಎದೆಮಟ್ಟದಲ್ಲಿ ಬಣ್ಣ ಬಾರದ ಪದರ ಸುಮಾರು 28 ಎಂಎಂ ಇತ್ತು. ಕಂಬಿ ಇದ್ದದ್ದು 20ರಲ್ಲಿ.

ನಮ್ಮ ಹವೆಯೂ ಇದಕ್ಕೆ ಒತ್ತಾಸೆ. ಇಂಗಾಲದ ಡೈಆಕ್ಸೈಡ್ ಚುರುಕಾಗಿ ಇಳಿಯುವುದು ಗಾಳಿಯ ತೇವ ನೂರಕ್ಕೆ 50ರಿಂದ 70ರ ನಡುವೆ ಇರುವಾಗ. ನೀರು ತುಂಬಿ ನಿಂತ ಕಾಂಕ್ರೀಟಿನೊಳಗೆ ಅದು ಹೋಗಲಾರದು. ತುಕ್ಕು ಹಿಡಿಯಲು ಮಾತ್ರ ನೀರು ಬೇಕೇ ಬೇಕು. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳು ಪೊರೆ ಕೀಳುವುದಕ್ಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆ ತುಕ್ಕು ಬೆಳೆಸುವುದಕ್ಕೆ. ಪಲ್ಪರ್ ಬದಿಗೆ ಗೋಡೆಯೇ ಇಲ್ಲದ್ದರಿಂದ ಇರಚಲು ನೇರವಾಗಿ ಕಂಬಕ್ಕೆ ಬಡಿಯುತ್ತಿತ್ತು.

ಇಷ್ಟಾದರೂ ಒಂದು ವಿಷಯ ಹೊಂದಿಕೆಯಾಗಲಿಲ್ಲ. ಗೊಬ್ಬರದ ಕೋಣೆಗೆ ಇರಚಲು ಬರುವುದಿಲ್ಲ, ಮೂರು ಕಡೆ ಗೋಡೆ ಇದೆ. ಆದರೂ ಅತಿ ಕೆಟ್ಟು ಹೋಗಿದ್ದು ಅಲ್ಲಿನ ನಾಲ್ಕು ಕಂಬ, ಅದೂ ಬುಡದಿಂದ ಸೊಂಟದಮಟ್ಟಕ್ಕೆ ಮಾತ್ರ. ಒಡೆದು ನೋಡಿದರೆ ಕಂಬಿ ಸುತ್ತಲೂ ಸಮನಾಗಿ ತುಕ್ಕಾಗಿರಲಿಲ್ಲ, ಇಲಿ ಕಚ್ಚಿದ ಹಾಗೆ ಅಲ್ಲಲ್ಲಿ ಗುಳಿ ಬಿದ್ದಿತ್ತು. ಗುಳಿ ಬಿದ್ದ ತುಕ್ಕು ಅಂದರೆ ಉಪ್ಪು, ಅಂದರೆ ಕ್ಲೋರೈಡ್. ಸಮುದ್ರ ಘಟ್ಟದ ಕೆಳಗೆ ಎಲ್ಲೋ ಇದೆ, ಇಲ್ಲಿಗೆ ಉಪ್ಪು ಯಾವ ದಾರಿಯಲ್ಲಿ ಬಂತು?

ಉತ್ತರ ಕಂಬಕ್ಕೆ ಒರಗಿಕೊಂಡೇ ನಿಂತಿತ್ತು. ಪೊಟ್ಯಾಷ್ ಚೀಲಗಳು. ನಾವು ತೋಟಕ್ಕೆ ಹಾಕುವ ಕೆಂಪು-ಬಿಳಿ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. 50 ಕೆಜಿಯ ಒಂದು ಚೀಲದಲ್ಲಿ 20 ಕೆಜಿಗೂ ಮಿಕ್ಕಿ ಕ್ಲೋರೈಡ್ ಇರುತ್ತದೆ. ಸಾವಿರ ಲೀಟರ್ ಸಮುದ್ರದ ನೀರಿನಲ್ಲಿ ಇರುವುದಕ್ಕಿಂತ ಹೆಚ್ಚು. ಮೂವತ್ತೆಂಟು ವರ್ಷ, ಪ್ರತಿ ಮಳೆಗಾಲವೂ ಆ ಚೀಲಗಳು ತೇವ ಎಳೆದುಕೊಂಡು, ಬೆವತು, ನೆಲಕ್ಕೆ ಒಸರಿ, ಕಂಬದ ಬುಡ ಅದನ್ನು ಬತ್ತಿಯ ಹಾಗೆ ಹೀರಿಕೊಂಡಿದೆ. ಡ್ರಿಲ್ ಮಾಡಿ ಬೇರೆ ಬೇರೆ ಆಳದ ಪುಡಿ ತೆಗೆದು ಲ್ಯಾಬಿಗೆ ಕಳಿಸಿದೆ. ಕಂಬಿ ಸಹಿತ ಕಾಂಕ್ರೀಟಿಗೆ ಐಎಸ್ 456 ಒಪ್ಪುವ ಮಿತಿ ಒಂದು ಘನಮೀಟರ್‌ಗೆ 0.6 ಕೆಜಿ. ಬುಡದಲ್ಲಿ ಕಂಬಿಯ ಆಳಕ್ಕೆ ಸಿಕ್ಕಿದ್ದು 2.1. ಎದೆಮಟ್ಟದಲ್ಲಿ 0.2.

ಕೊಡಗಿನ ಎಷ್ಟು ತೋಟಗಳಲ್ಲಿ ಗೊಬ್ಬರ ಹೀಗೆ ಕಂಬಕ್ಕೆ ಒರಗಿದೆಯೋ! ಈ ಬರಹ ಓದುತ್ತಿರುವ ತೋಟದವರು ಇವತ್ತೇ ಎದ್ದು ಹೋಗಿ ಪೊಟ್ಯಾಷ್ ಚೀಲಗಳನ್ನು ಕಂಬದಿಂದ ಎರಡು ಅಡಿ ದೂರ, ಹಲಗೆಯ ಮೇಲೆ ಸರಿಸಿ ಇಟ್ಟರೆ ನನಗೆ ಬೇರೇನೂ ಬೇಡ.

ಕಂಬಿಗಳನ್ನು ಕ್ಯಾಲಿಪರ್ ಹಿಡಿದು ಅಳೆದೆ. 16 ಎಂಎಂ ಇದ್ದದ್ದು ಕೆಲವು ಕಡೆ 12.5ಕ್ಕೆ ಇಳಿದಿತ್ತು. ಮೂರೂವರೆ ಎಂಎಂ ತಾನೇ ಅನ್ನಿಸುತ್ತದೆ. ಕಂಬಿಯ ಬಲ ಇರುವುದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. 201 ಚದರ ಎಂಎಂ ಇದ್ದದ್ದು 123 ಆಗಿದೆ, ನೂರಕ್ಕೆ 39 ಹೋಗಿದೆ. ರಿಂಗುಗಳ ಸ್ಥಿತಿ ಇನ್ನೂ ಕಷ್ಟ. ಅವು ಎಲ್ಲಕ್ಕಿಂತ ಹೊರಗೆ ಇರುವಂಥವು, ಎಲ್ಲಕ್ಕಿಂತ ತೆಳು. ತುಕ್ಕು ಮೊದಲು ತಿನ್ನುವುದು ಅವನ್ನೇ. ಬುಡದ ಮೂರು ನಾಲ್ಕು ರಿಂಗು ಬೆರಳಿನಿಂದ ಮುಟ್ಟಿದರೆ ಪುಡಿಯಾಗಿ ಉದುರಿದವು.

ಫೈಬರ್ ಬಟ್ಟೆಯ, ಅಂದರೆ ಕಾರ್ಬನ್ ನೂಲಿನ, ಎಪಾಕ್ಸಿ ಅಂಟಿನಲ್ಲಿ ನೆನೆಸಿ ಕಂಬಕ್ಕೆ ಸುತ್ತಿ ಅಂಟಿಸುವ ಬಟ್ಟೆಯ, ಮಾತು ಬರುವುದು ಇಲ್ಲಿ. ಅಮ್ಮನ ಅಳಿಯ ಬೆಂಗಳೂರಿನಿಂದ ಫೋನ್ ಮಾಡಿ, "ಕಾರ್ಬನ್ ಫೈಬರ್ ಸುತ್ತಿಬಿಟ್ಟರೆ ಆಯ್ತಂತಲ್ಲ, ಎರಡು ದಿನದ ಕೆಲಸವಂತೆ" ಅಂದಿದ್ದರು. ಬಟ್ಟೆ ಸುತ್ತುವುದು ಎರಡು ದಿನದ ಕೆಲಸ ನಿಜ. ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಅಂತ ಅಮ್ಮನಿಗೆ ಗೋಡೌನಿನ ಮಹಡಿಯಲ್ಲೇ ತೋರಿಸಿದೆ.

ಪಾರ್ಚ್‌ಮೆಂಟ್ ಕಾಫಿಯನ್ನು ಕಣದ ಮೇಲೆ ಗುಡ್ಡೆ ಹಾಕಿ ಮೇಲೆ ಹತ್ತಿ ನಿಂತರೆ ಕಾಲು ಹೂತು ಹೋಗುತ್ತದೆ, ಕಾಳು ಅಕ್ಕಪಕ್ಕಕ್ಕೆ ಹರಿಯುತ್ತದೆ. ಅದೇ ಕಾಳನ್ನು ಗೋಣಿಯಲ್ಲಿ ತುಂಬಿ ಬಾಯಿ ಹೊಲಿದರೆ ಒಂದರ ಮೇಲೊಂದು ಹತ್ತು ಚೀಲ ಪೇರಿಸಬಹುದು. ಕಾಳಿಗೆ ಹೊಸ ಬಲ ಬಂದಿಲ್ಲ. ಭಾರ ಬಿದ್ದಾಗ ಕಾಳು ಹೊರಕ್ಕೆ ಉಬ್ಬಲು ನೋಡುತ್ತದೆ, ಗೋಣಿ ಎಳೆದು ಹಿಡಿಯುತ್ತದೆ. ಪಿಲ್ಲರ್‌ನೊಳಗಿನ ಕಾಂಕ್ರೀಟೂ ಹಾಗೇ, ಮೇಲಿಂದ ಅದುಮಿದರೆ ಪಕ್ಕಕ್ಕೆ ಉಬ್ಬುತ್ತದೆ. ಉಬ್ಬಲು ಬಿಡದೆ ತಬ್ಬಿ ಹಿಡಿಯುವುದು ರಿಂಗುಗಳ ಕೆಲಸ. ಉದ್ದದ ಕಂಬಿಗಳು ಭಾರಕ್ಕೆ ಹೊರಗೆ ಬಾಗಿ ಹೋಗದಂತೆ ಕಟ್ಟಿ ಹಿಡಿಯುವುದೂ ಅವುಗಳದೇ ಕೆಲಸ. ರಿಂಗು ಉದುರಿದ ಕಂಬಕ್ಕೆ ಬಟ್ಟೆ ಸುತ್ತಿದರೆ ಉದುರಿದ ಆ ರಿಂಗುಗಳ ಜಾಗಕ್ಕೆ ಬಟ್ಟೆ ಬಂದು ನಿಲ್ಲುತ್ತದೆ.

ಬಲದಲ್ಲಿ ಬಟ್ಟೆಗೆ ಎಣೆಯಿಲ್ಲ. ಒಂದು ಚದರ ಮೀಟರ್‌ಗೆ 430 ಗ್ರಾಂ ತೂಗುವ ಕಾರ್ಬನ್ ಬಟ್ಟೆಯಲ್ಲಿ ನೂಲಿನ ದಪ್ಪ ಲೆಕ್ಕ ಹಾಕಿದರೆ ಸುಮಾರು 0.24 ಎಂಎಂ. ಅದರ ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಹರಿಯಲು ಹತ್ತಿರಹತ್ತಿರ ಒಂದು ಟನ್ ಎಳೆತ ಬೇಕು. ವಿನ್ಯಾಸದಲ್ಲಿ ನಾವು ಅದರ ಅರ್ಧದಷ್ಟನ್ನೇ ನಂಬುತ್ತೇವೆ. ಅಷ್ಟಾದರೂ, ಒಂಬತ್ತು ಇಂಚಿಗೆ ಮುಕ್ಕಾಲು ಟನ್ನೂ ತಡೆಯದ ಒಂದು 6 ಎಂಎಂ ರಿಂಗು ಇದ್ದ ಕಡೆ ಈಗ ಒಂಬತ್ತು ಇಂಚು ಉದ್ದಕ್ಕೂ ಬಟ್ಟೆ ಇರುತ್ತದೆ. ಸ್ವಿಟ್ಜರ್ಲೆಂಡಿನ ಲೂಸರ್ನ್ ಹತ್ತಿರದ ಇಬಾಖ್ ಸೇತುವೆಯನ್ನು 1991ರಲ್ಲಿ ಕಾರ್ಬನ್ ಪಟ್ಟಿ ಅಂಟಿಸಿ ರಿಪೇರಿ ಮಾಡಿದಾಗ 175 ಕೆಜಿ ಉಕ್ಕಿನ ಕೆಲಸಕ್ಕೆ 6.2 ಕೆಜಿ ಕಾರ್ಬನ್ ಸಾಕಾಯಿತು. 1995ರ ಜನವರಿಯಲ್ಲಿ ಕೋಬೆ ಭೂಕಂಪ ಆದಮೇಲೆ ಜಪಾನಿನಲ್ಲಿ ಸೇತುವೆ ಕಂಬಗಳಿಗೆ ಈ ಬಟ್ಟೆ ಸುತ್ತುವುದು ಬಹಳ ಹೆಚ್ಚಿತು.

ಆದರೆ ನೂಲು ಇರುವುದು ಅಡ್ಡಕ್ಕೆ. ಉದ್ದದ ಕಂಬಿಯಲ್ಲಿ ಕಳೆದುಹೋದ ನೂರಕ್ಕೆ 39ನ್ನು ಅಡ್ಡನೂಲು ವಾಪಸ್ ತಂದುಕೊಡುವುದಿಲ್ಲ. ಅದಕ್ಕೆ ಹೊಸ ಕಂಬಿಯನ್ನೇ ಕೂರಿಸಬೇಕು. ಒಳಗಿನ ತುಕ್ಕನ್ನೂ ಅದು ನಿಲ್ಲಿಸುವುದಿಲ್ಲ. ಹೊರಗಿನ ನೀರು ಗಾಳಿಯನ್ನು ತಡೆದು ನಿಧಾನ ಮಾಡಬಹುದು, ಆದರೆ ಒಳಗೆ ಉಪ್ಪೂ ತೇವವೂ ಉಳಿದಿದ್ದರೆ ಅವನ್ನೂ ಒಳಗೇ ಮುಚ್ಚಿಡುತ್ತದೆ.

ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪೊನ್ನಂಪೇಟೆಯಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಘಟ್ಟದ ಕೆಳಗಿನ ಒಂದು ಕಟ್ಟಡ. ಗುತ್ತಿಗೆದಾರರು ಬಿರುಕಿಗೆ ಪುಟ್ಟಿ ಮೆತ್ತಿ, ಜುಲೈ ತಿಂಗಳಲ್ಲಿ, ಒದ್ದೆ ಕಂಬಕ್ಕೆ ಬಟ್ಟೆ ಸುತ್ತಿಸಿದರು. ಕಪ್ಪಗೆ ಹೊಳೆಯುತ್ತಿದ್ದ ಕಂಬಗಳ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಂಡರು. ಅಳತೆ ಪುಸ್ತಕಕ್ಕೆ ಸಹಿ ಹಾಕಿದವಳು ನಾನು. ಮೂರು ಮಳೆಗಾಲ ಕಳೆದು ಅಲ್ಲಿಗೆ ಹೋದಾಗ ಒಂದು ಕಂಬದ ಮೈ ಅಂಗೈ ಅಗಲಕ್ಕೆ ಉಬ್ಬಿತ್ತು. ಕತ್ತರಿಸಿದರೆ ಕಂದು ನೀರು ಸೋರಿತು, ಒಳಗಿನ ಕಾಂಕ್ರೀಟು ಪದರ ಪದರವಾಗಿ ಕೈಗೆ ಬಂತು. ಬಟ್ಟೆ ಸುತ್ತದೆ ಬಿಟ್ಟಿದ್ದರೆ ಬಿರುಕು ಅಗಲವಾಗುವುದಾದರೂ ಯಾರದೋ ಕಣ್ಣಿಗೆ ಬೀಳುತ್ತಿತ್ತು. ನಾವು ಅದಕ್ಕೂ ಆಸ್ಪದ ಕೊಟ್ಟಿರಲಿಲ್ಲ. ಆ ಸಹಿ ನನ್ನದು ಅನ್ನುವುದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಆದ್ದರಿಂದ ಅಮ್ಮನಿಗೆ ಮೊದಲೇ ಹೇಳಿದೆ. ಮಹಡಿ ಪೂರ್ತಿ ಖಾಲಿ ಆಗಬೇಕು, ಈ ಸೀಸನ್ನಿನ ಒಂದು ಚೀಲವನ್ನೂ ಮೇಲೆ ಇಡುವಂತಿಲ್ಲ. ಕಂಬ ಭಾರ ಹೊತ್ತಿರುವಾಗಲೇ ಸುತ್ತಿದರೆ ಬಟ್ಟೆ ಸುಮ್ಮನೆ ಕೂತಿರುತ್ತದೆ. ಸುತ್ತಿದ ಮೇಲೆ ಬೀಳುವ ಭಾರಕ್ಕೆ ಮಾತ್ರ ಅದು ಬಿಗಿಯುತ್ತದೆ. ಕಾಫಿ ಬೆಲೆ ದಿನದಿನಕ್ಕೆ ಏರುತ್ತಿದ್ದ ಕಾಲ, ಹಿಡಿದಿಟ್ಟುಕೊಂಡವರಿಗೆ ಲಾಭ ಅಂತ ಊರೆಲ್ಲ ಮಾತಾಡುತ್ತಿತ್ತು. ಅಮ್ಮ ಒಂದು ರಾತ್ರಿ ಯೋಚನೆ ಮಾಡಿ, ಬೆಳಗ್ಗೆ ಹೇಳಿದರು: "ಆಯ್ತು ಮಗಾ, ಕಾಫಿನ ಕಣದಿಂದ ಸೀದಾ ಕ್ಯೂರಿಂಗ್ ಮಿಲ್ಲಿಗೆ ಕಳಿಸ್ತೇನೆ. ಆಳುಗಳು ಕೆಳಗೆ ಓಡಾಡ್ತಾರೆ, ಅವರ ತಲೆ ಮೇಲೆ ಬೀಳಬಾರದು."

ಜನವರಿಯಲ್ಲಿ ಶುರು ಮಾಡಿದೆವು. ನಮ್ಮ ಮೇಸ್ತ್ರಿ ಮೂವತ್ತು ವರ್ಷದಿಂದ ಸುಂಟಿಕೊಪ್ಪದಲ್ಲೇ ಇರುವ ಕೇರಳದವರು, ಕೈ ಬಹಳ ಶುದ್ಧ. ಅವರಿಗೂ ಮೊದಲು ಒಪ್ಪಿಗೆ ಇರಲಿಲ್ಲ. "ಮೇಡಂ, ಇಷ್ಟೊಂದು ಒಡೆದರೆ ಕಂಬದಲ್ಲಿ ಏನು ಉಳಿಯುತ್ತೆ?" ಅಂದರು. ಬೀಮಿನ ಕೆಳಗೆ ಎರಡೂ ಬದಿ ಆಸರೆಗೆ ಕಬ್ಬಿಣದ ಪ್ರಾಪ್ ಕೊಟ್ಟು, ಜಾಕಿ ತಿರುಗಿಸಿ ಭಾರ ತೆಗೆದುಕೊಂಡ ಮೇಲಷ್ಟೇ ಬ್ರೇಕರ್ ಹಚ್ಚಿದ್ದು. ಒಂದು ಕಂಬ ಒಡೆಯುವಾಗ ಅದರ ಪಕ್ಕದ್ದನ್ನು ಮುಟ್ಟಲಿಲ್ಲ. ಎದುರುಬದುರು ಮೂಲೆಯ ಎರಡು, ಅವು ಗಟ್ಟಿಯಾದ ಮೇಲೆ ಇನ್ನೆರಡು. ಕಂಬಿಯ ಮುಂದೆ ಮಾತ್ರ ಒಡೆದರೆ ಸಾಲದು. ಹಿಂದೆಯೂ 20 ಎಂಎಂ ಬಿಡಿಸಬೇಕು, ಬೆರಳು ಸುತ್ತ ಆಡುವಷ್ಟು. ತುಕ್ಕು ಅರ್ಧ ಇರುವುದೇ ಹಿಂಬದಿಯಲ್ಲಿ. ವೈರ್ ಬ್ರಷ್, ಆಮೇಲೆ ಮರಳು ಬೀಸುವ ಮೆಷಿನ್, ಬುಡದ ಗುಳಿಗಳಿಗೆ ಒತ್ತಡದ ನೀರು. ಉಪ್ಪು ಒಣ ಬ್ರಷ್ಷಿಗೆ ಹೋಗುವ ಪೈಕಿಯಲ್ಲ, ತೊಳೆಯಲೇಬೇಕು. ಕಂಬಿ ಬೂದುಬಣ್ಣಕ್ಕೆ ಬರುವತನಕ ನಾನು ಮುಂದಕ್ಕೆ ಬಿಡಲಿಲ್ಲ. ಪುಡಿ ಉದುರುವ ರಿಂಗುಗಳನ್ನು ಕತ್ತರಿಸಿ ಹೊಸ 8 ಎಂಎಂ ರಿಂಗು ಹಾಕಿ, ಕೊಂಡಿಯನ್ನು 135 ಡಿಗ್ರಿ ಒಳಕ್ಕೆ ಬಗ್ಗಿಸಿದೆವು. ಸವೆದ ಕಂಬಿಗಳ ಪಕ್ಕ ಹೊಸವು, ಬುಡದಲ್ಲಿ ಪಾಯಕ್ಕೆ ರಂಧ್ರ ಕೊರೆದು ರಾಸಾಯನಿಕ ಅಂಟಿನಿಂದ ಬಿಗಿದೆವು. ಬಟ್ಟೆ ಸುತ್ತುವುದಿದ್ದರೂ ರಿಂಗು ಯಾಕೆ ಅಂತ ಮೇಸ್ತ್ರಿ ಕೇಳಿದರು. ಬೆಂಕಿ ಬಿದ್ದ ದಿನ ಬಟ್ಟೆ ಇರುವುದಿಲ್ಲ, ಆ ದಿನ ಕಂಬ ತನ್ನ ಕಾಲ ಮೇಲೆ ತಾನು ನಿಲ್ಲಬೇಕು ಅಂದೆ. ಎಪಾಕ್ಸಿ ಅಂಟು 60ರಿಂದ 80 ಡಿಗ್ರಿಗೇ ಮೆತ್ತಗಾಗಲು ಶುರುವಾಗುತ್ತದೆ. ಇದೇ ಕಾರಣಕ್ಕೆ, ಸೌದೆ ಒಲೆಯ ಬಾಯ್ಲರ್ ಪಕ್ಕದ ಎಂಟನೇ ಕಂಬಕ್ಕೆ ಬಟ್ಟೆ ಬೇಡವೇ ಬೇಡ ಅಂತ ಸುತ್ತ ನಾಲ್ಕು ಇಂಚಿನ ಕಾಂಕ್ರೀಟ್ ಜಾಕೆಟ್ ಹಾಕಿದೆವು. ಅಲ್ಲಿ ಜಾಗಕ್ಕೇನೂ ಕೊರತೆ ಇರಲಿಲ್ಲ.

ಇನ್ನು ತೇಪೆಯ ತೊಂದರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕಂಬದ ಬುಡ ಒಡೆದು ಹೊಸ ಕಾಂಕ್ರೀಟು ತುಂಬಿದಾಗ ಅಲ್ಲಿನ ಕಂಬಿ ಸುರಕ್ಷಿತವಾಗುತ್ತದೆ, ಆದರೆ ತೇಪೆಯ ಅಂಚು ದಾಟಿ ಇನ್ನೂ ಉಪ್ಪು ಉಳಿದಿರುವ ಹಳೇ ಕಾಂಕ್ರೀಟಿನಲ್ಲಿ ಅದೇ ಕಂಬಿ ಮುಂದುವರಿದಿರುತ್ತದೆ. ಎರಡರ ನಡುವೆ ಬ್ಯಾಟರಿಯ ಹಾಗೆ ಕರೆಂಟು ಹರಿದು, ತೇಪೆಯ ಪಕ್ಕದಲ್ಲೇ ಹೊಸ ತುಕ್ಕು ಜೋರಾಗಿ ಏಳುತ್ತದೆ. ರಿಪೇರಿ ಮಾಡಿಸಿದ ಎರಡು ಮೂರು ವರ್ಷಕ್ಕೆ "ಕೆಲಸ ಸರಿ ಮಾಡಿಲ್ಲ" ಅಂತ ಬೈಸಿಕೊಳ್ಳುವ ಎಷ್ಟೋ ಮೇಸ್ತ್ರಿಗಳ ತಪ್ಪು ಇದೊಂದೇ. ಅದಕ್ಕೆ ತೇಪೆಯ ಅಂಚಿನಲ್ಲಿ ಕಂಬಿಗೆ ಸತುವಿನ ಆನೋಡ್ ಕಟ್ಟುತ್ತಾರೆ. ಅಂಗೈಯಲ್ಲಿ ಹಿಡಿಯುವ ಬಿಲ್ಲೆ, ಸತುವಿನ ಸುತ್ತ ಕ್ಷಾರದ ಗಾರೆ. ಕಬ್ಬಿಣದ ಬದಲು ಸತು ತಾನು ಸವೆಯುತ್ತದೆ. ಗೊಬ್ಬರದ ಕೋಣೆಯ ನಾಲ್ಕೂ ಕಂಬಕ್ಕೆ ಕಟ್ಟಿದೆವು. ಒಂದು ಕಂಬದ ಆನೋಡ್ ವೈರನ್ನು ಹೊರಗೆ ತಂದು ಗೋಡೆಯ ಮೇಲೆ ಸಣ್ಣ ಡಬ್ಬಿಯಲ್ಲಿ ಬಿಟ್ಟೆ, ಮೀಟರ್ ಹಚ್ಚಿ ನೋಡಲು. ಆಮೇಲೆ ಅಚ್ಚು ಕಟ್ಟಿ, ಇಕ್ಕಟ್ಟಿಗೂ ಹರಿದು ಹೋಗುವ ಸಣ್ಣ ಜಲ್ಲಿಯ ಮೈಕ್ರೋ ಕಾಂಕ್ರೀಟ್ ಸುರಿದದ್ದು.

ಒಡೆದು, ತೊಳೆದು, ಕಟ್ಟಿ, ತುಂಬುವುದಕ್ಕೆ ಹದಿನೇಳು ದಿನ. ಅದು ಒಣಗಲು ಇಪ್ಪತ್ತೆಂಟು ದಿನ. ಅಳಿಯ ಮತ್ತೆ ಫೋನ್ ಮಾಡಿದರು, ಬಟ್ಟೆ ಯಾವಾಗ ಅಂತ.

ಆ ಬಿಡುವಿನಲ್ಲಿ ಅಂಚು ದುಂಡಗೆ ಮಾಡಿಸಿದೆ. ಚೂಪು ಮೂಲೆಯ ಮೇಲೆ ಬಟ್ಟೆ ಎಳೆದರೆ ನೂಲು ಅಲ್ಲೇ ಮುರಿಯುತ್ತದೆ. ಗ್ರೈಂಡರ್ ಹಿಡಿದು ಪ್ರತಿ ಮೂಲೆಗೂ 25 ಎಂಎಂ ತ್ರಿಜ್ಯದ ತಿರುವು. ಹಾಗೆ ಮಾಡಿದರೂ ಚೌಕ ಕಂಬ ಗುಂಡು ಕಂಬದಷ್ಟು ಲಾಭ ಪಡೆಯುವುದಿಲ್ಲ. ಗುಂಡಗಿದ್ದರೆ ಬಟ್ಟೆ ಸುತ್ತಲೂ ಸಮನಾಗಿ ಒತ್ತುತ್ತದೆ. ಚೌಕದಲ್ಲಿ ಮೂಲೆಗಳನ್ನು ಬಿಗಿಹಿಡಿದು, ಚಪ್ಪಟೆ ಮೈಯ ನಡುವೆ ಸಡಿಲ ಬಿಡುತ್ತದೆ. ಲೆಕ್ಕದಲ್ಲಿ ಅದನ್ನು ಕಡಿತ ಮಾಡಿಯೇ ಎರಡು ಪದರ ಅಂತ ತೀರ್ಮಾನಿಸಿದ್ದು. ಕಾರ್ಬನ್ ನೇರವಾಗಿ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣವನ್ನೇ ತುಕ್ಕು ಹಿಡಿಸುತ್ತದೆ, ಹಾಗಾಗಿ ಒಂದು ಕಟ್ಟುವ ತಂತಿಯ ತುದಿಯೂ ಹೊರಗೆ ಇಣುಕದ ಹಾಗೆ ಪ್ರತಿ ಕಂಬವನ್ನೂ ಸವರಿ ನೋಡಿದೆ. ಗ್ಲಾಸ್ ಫೈಬರಿಗೆ ಆ ಭಯ ಇಲ್ಲ, ಬೆಲೆಯೂ ಬಹಳ ಕಡಿಮೆ, ಆದರೆ ತೇವ ಮತ್ತು ಕ್ಷಾರಕ್ಕೆ ಕಾರ್ಬನ್ನಿನಷ್ಟು ತಾಳುವುದಿಲ್ಲ. ನಮ್ಮ ಮಳೆಗೆ ಕಾರ್ಬನ್ನೇ ಇರಲಿ ಅಂದುಕೊಂಡೆ.

ಮಾರ್ಚ್ ಮೊದಲ ವಾರ. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದರೊಳಗೆ ಮುಗಿಯಬೇಕು. ತೋಟದವರೆಲ್ಲ ಆಕಾಶ ನೋಡಿ ಮಳೆ ಬರಲಿ ಅಂತ ಕಾಯುವ ವಾರದಲ್ಲಿ ನಾನೊಬ್ಬಳು ಎರಡು ದಿನ ತಡೆಯಲಿ ಅಂತ ಬೇಡುತ್ತಿದ್ದೆ. ಹಿಂದಿನ ಸಂಜೆ ಕಂಬಗಳಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ನಾಲ್ಕೂ ಅಂಚು ಟೇಪ್ ಹಾಕಿ ಬಿಟ್ಟಿದ್ದೆ. ಬೆಳಗ್ಗೆ ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಕಾಂಕ್ರೀಟು ಇನ್ನೂ ಒದ್ದೆ ಅಂತ ಅರ್ಥ. ಹನಿ ಇರಲಿಲ್ಲ. ಆದರೆ ಒಂಬತ್ತು ಗಂಟೆಗೂ ಮಂಜು ಎದ್ದಿರಲಿಲ್ಲ. ಕಂಬದ ಮೈ 18 ಡಿಗ್ರಿ, ಇಬ್ಬನಿ ಕಟ್ಟುವ ಮಟ್ಟ 17. ಕಂಬದ ಮೈ ಅದಕ್ಕಿಂತ 3 ಡಿಗ್ರಿಯಾದರೂ ಮೇಲೆ ಇರಬೇಕು, ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಪೊರೆಯ ಮೇಲೆ ಅಂಟು ಬಳಿದ ಹಾಗಾಗುತ್ತದೆ. ಐದು ಜನ ಕೈಕಟ್ಟಿ ಕೂತೆವು. ಹನ್ನೊಂದೂವರೆಗೆ ಮೀಟರ್ ಒಪ್ಪಿತು.

ಆಮೇಲೆ ಎಲ್ಲ ಚುರುಕು. ಪ್ರೈಮರ್, ಗುಳಿಗಳಿಗೆ ಪುಟ್ಟಿ, ಎಪಾಕ್ಸಿ. ಅಂಟನ್ನೂ ಹಾರ್ಡನರನ್ನೂ ತಕ್ಕಡಿಯಲ್ಲಿ ತೂಗಿ ಸಣ್ಣ ಸಣ್ಣ ಬಕೆಟ್ಟಿನಲ್ಲಿ ಕಲೆಸಬೇಕು. ದೊಡ್ಡ ಬಕೆಟ್ಟಿನಲ್ಲಿ ಕಲೆಸಿಟ್ಟರೆ ತನ್ನ ಕಾವಿಗೆ ತಾನೇ ಬೇಗ ಗಟ್ಟಿಯಾಗಿಬಿಡುತ್ತದೆ. ಬಟ್ಟೆಯನ್ನು ಅಂಟಿನಲ್ಲಿ ನೆನೆಸಿ, ಇಬ್ಬರು ಹಿಡಿದು, ಕಂಬಕ್ಕೆ ಸುತ್ತಿ, ಕೊನೆಗೆ 200 ಎಂಎಂ ಮೇಲೆ ಮೇಲೆ ಬರುವ ಹಾಗೆ. ಗೀರುಗಳಿರುವ ರೋಲರನ್ನು ನೂಲಿನ ದಿಕ್ಕಿಗೇ ಉರುಳಿಸಿ ಒಳಗಿನ ಗಾಳಿ ಹೊರಗೆ ಅಟ್ಟಬೇಕು. ಮೇಸ್ತ್ರಿ ಮೊದಲ ಕಂಬಕ್ಕೆ ಸುತ್ತುವುದನ್ನು ನೋಡುತ್ತ ನಿಂತಿದ್ದ ಅಮ್ಮ, "ಮದುವೆ ಗಂಡಿಗೆ ಚೇಲೆ ಸುತ್ತುವ ಹಾಗಿದೆ" ಅಂದರು. ಕೊಡವರ ಕುಪ್ಯ ಅನ್ನುವ ನಿಲುವಂಗಿಯ ಮೇಲೆ ಸೊಂಟಕ್ಕೆ ಸುತ್ತುವ ಆ ರೇಷ್ಮೆ ಪಟ್ಟಿಯೂ ಸುಕ್ಕಿದ್ದರೆ ನಿಲ್ಲುವುದಿಲ್ಲ, ಇದೂ ನಿಲ್ಲುವುದಿಲ್ಲ. ಕೊನೆಯ ಪದರದ ಮೇಲೆ, ಅಂಟು ಇನ್ನೂ ಹಸಿ ಇರುವಾಗಲೇ ಒಣ ಮರಳು ಎರಚಿದೆವು, ಮೇಲೆ ಗಾರೆ ಹಿಡಿಯಲಿ ಅಂತ. ಬಿಸಿಲು ತಾಗುವ ಬದಿಗೆ ಬಣ್ಣ. ಎಪಾಕ್ಸಿಗೆ ಬಿಸಿಲು ಆಗದು.

ಏಳು ಕಂಬ, ಎರಡು ದಿನ. ಮೂರನೇ ದಿನ ರೂಪಾಯಿ ನಾಣ್ಯ ಹಿಡಿದು ಪ್ರತಿ ಕಂಬವನ್ನೂ ಬುಡದಿಂದ ತುದಿಯವರೆಗೆ ತಟ್ಟುತ್ತ ಹೋದೆ. ಒಂದೇ ಕಡೆ, ಪಲ್ಪರ್ ಬದಿಯ ಕಂಬದಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಸದ್ದು ಬದಲಾಯಿತು. ಸಣ್ಣ ತೂತು ಕೊರೆದು ಸಿರಿಂಜಿನಲ್ಲಿ ಅಂಟು ತುಂಬಿದೆವು. ಅದೇ ಕಂಬದ ಪಕ್ಕ ಹರಿಯುತ್ತಿದ್ದ ಪಲ್ಪರ್ ನೀರಿನ ಚರಂಡಿಯನ್ನು ಆಚೆಗೆ ತಿರುಗಿಸಲೂ ಹೇಳಿದೆ. ಹಣ್ಣಿನ ಲೋಳೆ ಹುಳಿತು ಆ ನೀರು ಆಮ್ಲವಾಗಿರುತ್ತದೆ, ಕಾಂಕ್ರೀಟಿನ ಸಿಮೆಂಟನ್ನೇ ಕರಗಿಸಿ ಜಲ್ಲಿ ಎದ್ದು ಕಾಣುವಂತೆ ಮಾಡುತ್ತದೆ. ನಾಲ್ಕನೇ ದಿನ ಸಂಜೆ ಹೂಮಳೆ ಬಂತು.

ಜುಲೈ ಕೊನೆಗೆ, ಕಕ್ಕಡದ ನಡುವೆ, ಮತ್ತೆ ಹೋಗಿದ್ದೆ. ಗೊಬ್ಬರದ ಚೀಲಗಳು ಹಲಗೆಯ ಮೇಲೆ, ಕಂಬದಿಂದ ದೂರ. ನೆಲದ ಮೇಲೆ ರೈಟರ್ ಬಣ್ಣದ ಗೆರೆ ಎಳೆದಿದ್ದರು, ಅದನ್ನು ದಾಟಿ ಯಾರೂ ಚೀಲ ಇಡಬಾರದು ಅಂತ. ಗೋಡೆಯ ಡಬ್ಬಿ ತೆರೆದು ಮೀಟರ್ ಹಚ್ಚಿದೆ. ಮಾರ್ಚಿನಲ್ಲಿ 0.2 ಮಿಲಿಆಂಪ್ ಇದ್ದದ್ದು 0.6 ತೋರಿಸಿತು. ಅಮ್ಮ ಕೊಡೆ ಮಡಚುತ್ತ ಪಕ್ಕಕ್ಕೆ ಬಂದು ಕೇಳಿದರು, "ಹೆಚ್ಚಾದ್ರೆ ಒಳ್ಳೇದೋ ಕೆಟ್ಟದ್ದೋ?"

ಒದ್ದೆ ಹೆಚ್ಚಾದಾಗ ಸತುವಿಗೆ ಕೆಲಸ ಹೆಚ್ಚು ಅಂತ ಹೇಳಿದೆ. ಅಷ್ಟೂ ಕಬ್ಬಿಣದಿಂದ ಹೋಗಬೇಕಾಗಿದ್ದು, ಈಗ ಸತುವಿನಿಂದ ಹೋಗುತ್ತಿದೆ.

"ಸತು ಮುಗಿದ್ರೆ?"

ಹತ್ತು ಹದಿನೈದು ವರ್ಷ ಬರಬಹುದು, ನಂಬರ್ ಮಳೆಗಾಲದಲ್ಲೂ ಮೇಲೇಳದೆ ಇದ್ದರೆ ಮುಗಿಯಿತು ಅಂತ ತಿಳಿದು ಹೊಸದು ಹಾಕಿಸಬೇಕು ಅಂದೆ. ಅವರು ರೈಟರನ್ನು ಕರೆದು ಮಳೆ ಲೆಕ್ಕದ ಪುಸ್ತಕ ತರಿಸಿದರು. ಅವರ ಮಾವನ ಕಾಲದಿಂದ ಪ್ರತಿದಿನ ಬೆಳಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಬರೆದಿಟ್ಟ ಪುಸ್ತಕಗಳ ಸಾಲಿನಲ್ಲಿ ಇತ್ತೀಚಿನದು. ಆ ದಿನದ್ದು ಮೂರು ಇಂಚು ಹನ್ನೆರಡು ಸೆಂಟು. ಅದರ ಪಕ್ಕ ಸ್ಕೇಲ್ ಇಟ್ಟು ಹೊಸದೊಂದು ಕಾಲಂ ಎಳೆದು, ಮೇಲೆ "ಪಿಲ್ಲರ್" ಅಂತ ಬರೆದು, ಕೆಳಗೆ 0.6 ಅಂತ ಬರೆದರು. ತಿಂಗಳಿಗೊಮ್ಮೆ ಮೀಟರ್ ಹಚ್ಚುವುದು ಹೇಗೆ ಅಂತ ರೈಟರ್‌ಗೆ ಎರಡು ಸಲ ತೋರಿಸಿ, ಮೀಟರನ್ನು ಅವರ ಕೈಯಲ್ಲೇ ಬಿಟ್ಟು ಬಂದೆ.